ಟೈಲ್ಸ್ ಕಾರ್ಖಾನೆಗಳ ಸೀಮೆಯಲ್ಲಿ ಗಾಳಿಯ ಧೂಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೆರಾಮಿಕ್ ಕಾರ್ಖಾನೆ ಒಂಟಿಯಾಗಿ ನಿಲ್ಲುವುದು ಕಡಿಮೆ. ಜೇಡಿಮಣ್ಣು, ಇಂಧನ, ಕೆಲಸ ಬಲ್ಲ ಕೈಗಳು ಇರುವ ಕಡೆ ಒಂದರ ಪಕ್ಕ ಒಂದು ಏಳುತ್ತಾ ಹೋಗುತ್ತವೆ. ಗುಜರಾತಿನ ಮೋರ್ಬಿ, ಸ್ಪೇನಿನ ಕಾಸ್ತೆಯೋನ್, ಇಟಲಿಯ ಸಾಸುವೊಲೊ, ಚೀನಾದ ಫೋಶಾನ್ ಹೀಗೆ ಬೆಳೆದವು. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಇವಕ್ಕೆಲ್ಲ ಹಿರಿಯಣ್ಣ. ಇಂಥ ಸೀಮೆಗಳಲ್ಲಿ ಬದುಕುವವರು, ದುಡಿಯುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಆದಷ್ಟು ನೇರವಾಗಿ ಉತ್ತರ ಕೊಡುವ ಪ್ರಯತ್ನ ಇದು.

ಪಿಎಂ 10, ಪಿಎಂ 2.5 ಅಂತಾರಲ್ಲ, ಹಾಗಂದರೇನು?

ಗಾಳಿಯಲ್ಲಿ ತೇಲುವ ಕಣಗಳನ್ನು ಗಾತ್ರದ ಪ್ರಕಾರ ವಿಂಗಡಿಸುವ ಅಳತೆ ಅದು. 10 ಮೈಕ್ರಾನ್‌ವರೆಗಿನ ಕಣಗಳು ಪಿಎಂ 10. ಅದರೊಳಗೇ 2.5 ಮೈಕ್ರಾನ್‌ವರೆಗಿನ ಸಣ್ಣವು ಪಿಎಂ 2.5. ಒಂದು ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಇರುತ್ತದೆ.

ಗಾತ್ರಕ್ಕೆ ಇಷ್ಟು ಬೆಲೆ ಯಾಕೆ ಅಂದರೆ, ಕಣ ಎಷ್ಟು ಹೊತ್ತು ತೇಲುತ್ತದೆ, ಮೈಯೊಳಗೆ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಗಾಳಿ ಅಲುಗಾಡದೆ ನಿಂತಿದೆ ಅಂದುಕೊಳ್ಳಿ. 10 ಮೀಟರ್ ಎತ್ತರದಿಂದ ಬಿಟ್ಟ 10 ಮೈಕ್ರಾನ್ ಕಣ ನೆಲ ಮುಟ್ಟಲು ಸುಮಾರು ಒಂದು ಗಂಟೆ ಬೇಕು. 2.5 ಮೈಕ್ರಾನ್ ಕಣಕ್ಕೆ ಅರ್ಧ ದಿನಕ್ಕಿಂತ ಜಾಸ್ತಿ. ಒಂದು ಮೈಕ್ರಾನಿನ ಕಣಕ್ಕೆ ಮೂರು ದಿನ. ನಿಜವಾದ ಗಾಳಿ ಹಾಗೆ ನಿಂತಿರುವುದಿಲ್ಲವಲ್ಲ, ಅದು ಮತ್ತೆ ಮತ್ತೆ ಎತ್ತುತ್ತಲೇ ಇರುತ್ತದೆ. ಕಿಟಕಿಯ ಮೇಲೆ ಕೂತ ಧೂಳನ್ನು ನೋಡಿ ನಾವು ಬೇಸರ ಪಡುತ್ತೇವೆ. ಆದರೆ ಅದು ಕೆಳಗೆ ಬಿದ್ದುಬಿಟ್ಟ ಧೂಳು. ಎದೆಗೆ ಇಳಿಯುವುದು ಇನ್ನೂ ಬೀಳದೆ ಉಳಿದದ್ದು.

ಧೂಳು ಬರುವುದು ಚಿಮಣಿಯಿಂದಲೇ ಅಲ್ವಾ?

ಬಹಳ ಜನ ಹಾಗೇ ತಿಳಿದಿದ್ದಾರೆ. ಚಿಮಣಿ ಎತ್ತರಕ್ಕಿದೆ, ಎಲ್ಲರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಕಾನೂನು ಇದೆ, ಅಳತೆ ಇದೆ, ಫಿಲ್ಟರ್ ಇದೆ. ಆದರೆ ಟೈಲ್ಸ್ ತಯಾರಾಗುವ ದಾರಿಯನ್ನು ಮೊದಲಿಂದ ನಡೆದು ನೋಡಿದರೆ ಧೂಳಿನ ಮೂಲಗಳು ಎಷ್ಟೊಂದು ಕಡೆ ಇವೆ ಅಂತ ಗೊತ್ತಾಗುತ್ತದೆ.

ಮೊದಲು ಗಣಿ. ಜೇಡಿಮಣ್ಣನ್ನು ಅಗೆದು, ಬಿಸಿಲಿಗೆ ಹರಡಿ, ಲಾರಿಗೆ ತುಂಬುತ್ತಾರೆ. ಆಮೇಲೆ ರಸ್ತೆ. ತುಂಬಿದ ಟಿಪ್ಪರ್‌ನಿಂದ ಮಣ್ಣು ಉದುರುತ್ತದೆ, ಹಿಂದೆ ಬರುವ ಚಕ್ರಗಳು ಅದನ್ನು ಅರೆಯುತ್ತವೆ. ಕಾರ್ಖಾನೆಯ ಅಂಗಳದಲ್ಲಿ ಮಣ್ಣು, ಫೆಲ್ಡ್‌ಸ್ಪಾರ್, ಮರಳಿನ ಗುಡ್ಡೆಗಳು. ಮೇಲೆ ಹೊದಿಕೆ ಇಲ್ಲದಿದ್ದರೆ ಗಾಳಿ ಬೀಸಿದಾಗಲೆಲ್ಲ ಒಂದು ಪದರ ಎದ್ದು ಹೋಗುತ್ತದೆ. ಲೋಡರ್ ಯಂತ್ರ ಮಣ್ಣನ್ನು ಎತ್ತಿ ಹಾಪರ್‌ಗೆ ಸುರಿದಾಗ ಇನ್ನೊಂದು ಮೋಡ.

ಅಲ್ಲಿಂದ ಬಾಲ್ ಮಿಲ್. ನೀರು ಹಾಕಿ ಅರೆದರೆ ಇಲ್ಲಿ ಧೂಳು ಕಡಿಮೆ. ಒಣದಾಗಿ ಅರೆದರೆ ಜಾಸ್ತಿ. ನೀರಿನಲ್ಲಿ ಅರೆದ ರಾಡಿಯನ್ನು ಸ್ಪ್ರೇ ಡ್ರೈಯರ್ ಎಂಬ ಎತ್ತರದ ಕೊಳವೆಯೊಳಗೆ ಬಿಸಿಗಾಳಿಗೆ ಚಿಮುಕಿಸುತ್ತಾರೆ. ಮೂರನೇ ಒಂದು ಪಾಲಿನಷ್ಟಿದ್ದ ನೀರು ಹಾರಿ, ಶೇಕಡಾ 5ರಿಂದ 7ರಷ್ಟು ತೇವ ಉಳಿದ ಸಣ್ಣ ಸಣ್ಣ ಉಂಡೆಗಳು ಕೆಳಗೆ ಬೀಳುತ್ತವೆ. ಆ ಬಿಸಿಗಾಳಿ ಹೊರಗೆ ಹೋಗುವಾಗ ನಯವಾದ ಧೂಳನ್ನು ಹೊತ್ತೊಯ್ಯುತ್ತದೆ. ಇಡೀ ಕಾರ್ಖಾನೆಯಲ್ಲಿ ಗಟ್ಟಿ ಫಿಲ್ಟರ್ ಬೇಕಾದ ಜಾಗಗಳಲ್ಲಿ ಇದು ಮುಖ್ಯ. ನಂತರ ಪ್ರೆಸ್, ಒಣಗಿಸುವ ಯಂತ್ರ, ಗ್ಲೇಜ್ ಅಂದರೆ ಹೊಳಪಿನ ಲೇಪ ಬಳಿಯುವ ಸಾಲು, ಆಮೇಲೆ ಸುಡುವ ಗೂಡು. ಸುಟ್ಟ ಟೈಲ್ಸಿನ ಅಂಚು ತಿದ್ದುವ, ಮೈ ಉಜ್ಜುವ ಕೆಲಸ ಕೊನೆಗೆ.

ಗೂಡು ಮತ್ತು ಸ್ಪ್ರೇ ಡ್ರೈಯರ್‌ಗಳದ್ದು ಕೊಳವೆಯ ಮೂಲಕ ಹೋಗುವ ಧೂಳು. ಉಳಿದದ್ದು ಎಲ್ಲೆಂದರಲ್ಲಿ ಏಳುವ ಧೂಳು. ಮೊದಲನೆಯದಕ್ಕೆ ಒಂದು ಬಾಯಿ ಇದೆ, ಅಲ್ಲಿ ಫಿಲ್ಟರ್ ಕಟ್ಟಬಹುದು. ಎರಡನೆಯದಕ್ಕೆ ಬಾಯಿಯೇ ಇಲ್ಲ. ಜತೆಗೆ ಅದು ಏಳುವುದು ನೆಲದ ಮಟ್ಟದಲ್ಲಿ, ಮಕ್ಕಳು ನಡೆಯುವ ಎತ್ತರದಲ್ಲಿ. ಚಿಮಣಿಗೆ ಫಿಲ್ಟರ್ ಹಾಕಿದ್ದೇವೆ ಅನ್ನುವ ಕಾರ್ಖಾನೆಯ ಗೇಟಿನ ಮುಂದಿನ ರಸ್ತೆ ಬೆಳ್ಳಗೆ ಕಾಣುತ್ತಿದ್ದರೆ ಕೆಲಸ ಅರ್ಧ ಮಾತ್ರ ಆಗಿದೆ ಅಂತಲೇ ಅರ್ಥ.

ಚಿಮಣಿಯಿಂದ ದಟ್ಟವಾಗಿ ಬಿಳಿ ಹೊಗೆ ಬರುತ್ತಿದೆ. ಅದು ಧೂಳೇ?

ಸ್ಪ್ರೇ ಡ್ರೈಯರ್ ಆಗಿದ್ದರೆ ಹೆಚ್ಚಿನಂಶ ನೀರಾವಿ. ಸ್ವಲ್ಪ ದೂರ ಹೋಗಿ ಪೂರ್ತಿ ಕರಗಿಬಿಟ್ಟರೆ ಆವಿ. ಕರಗದೆ ಮಸುಕಾದ ಪಟ್ಟಿಯಾಗಿ ದೂರದವರೆಗೆ ಉಳಿದರೆ ಅದರಲ್ಲಿ ಧೂಳೂ ಇದೆ. ಚಳಿಯ ಬೆಳಗ್ಗೆ ಈ ಪರೀಕ್ಷೆ ಮೋಸ ಮಾಡಬಹುದು, ಮಧ್ಯಾಹ್ನ ನೋಡಿ.

ಈ ಧೂಳಿನಲ್ಲಿ ಏನೇನಿರುತ್ತದೆ? ಬರೀ ಮಣ್ಣು ತಾನೇ?

ತೂಕದಲ್ಲಿ ನೋಡಿದರೆ ಬಹುಪಾಲು ಮಣ್ಣೇ. ಜೇಡಿಯ ಖನಿಜಗಳು, ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಸುಣ್ಣದಂಶ. ಆದರೆ "ಬರೀ ಮಣ್ಣು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಎರಡು.

ಮೊದಲನೆಯದು ಕ್ವಾರ್ಟ್ಜ್. ಅದು ಹರಳು ರೂಪದ ಸಿಲಿಕಾ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಎರಡನೆಯದು ಗ್ಲೇಜ್. ಟೈಲ್ಸಿನ ಮೇಲಿನ ಹೊಳಪು, ಬಣ್ಣ ಬರುವುದು ಲೋಹಗಳಿಂದ. ಬಿಳುಪಿಗೆ ಜಿರ್ಕೋನಿಯಂ, ಕರಗಿಸಲು ಬೋರಾನ್ ಮತ್ತು ಸತು, ಹಳೆಯ ಗ್ಲೇಜುಗಳಲ್ಲಿ ಸೀಸ, ಬಣ್ಣಕ್ಕೆ ಕೋಬಾಲ್ಟ್, ಕ್ರೋಮಿಯಂ, ನಿಕಲ್. ಇವನ್ನು ಮೊದಲೇ ಕರಗಿಸಿ ಗಾಜಿನಂಥ ಚೂರು ಮಾಡುತ್ತಾರೆ. ಅದಕ್ಕೆ ಫ್ರಿಟ್ ಅನ್ನುತ್ತಾರೆ. ಫ್ರಿಟ್ ಕರಗಿಸುವ ಕುಲುಮೆಯಲ್ಲಿ ಕೆಲವು ಲೋಹಗಳು ಆವಿಯಾಗಿ, ಹೊರಗೆ ಬಂದು ತಣ್ಣಗಾಗಿ, ತುಂಬಾ ಸಣ್ಣ ಕಣಗಳಾಗಿ ಗಟ್ಟಿಯಾಗುತ್ತವೆ. ಕಾಸ್ತೆಯೋನ್ ಸುತ್ತಮುತ್ತ ವಿಜ್ಞಾನಿಗಳು ಗಾಳಿಯ ಕಣಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಆಗ ಜಿರ್ಕೋನಿಯಂ, ಸತು, ಸೀಸ, ಆರ್ಸೆನಿಕ್ ಇವು ಈ ಉದ್ಯಮದ ಗುರುತಿನಂತೆ ಸಿಕ್ಕಿದವು. ಆರ್ಸೆನಿಕ್ಕನ್ನು ಯಾರೂ ಬೇಕೆಂದು ಹಾಕಿದ್ದಲ್ಲ. ಫ್ರಿಟ್‌ಗೆ ಬಳಸುವ ಕೆಲವು ಬೋರಾನ್ ಖನಿಜಗಳಲ್ಲಿ ಅದು ಕಲಬೆರಕೆಯಾಗಿ ಸೇರಿಕೊಂಡಿರುತ್ತದೆ.

ಹಾಗಾಗಿ ಮಣ್ಣಿನ ಧೂಳು ದೊಡ್ಡ ಕಣಗಳಲ್ಲಿ, ಲೋಹದ ಧೂಳು ಸಣ್ಣ ಕಣಗಳಲ್ಲಿ ಸೇರುತ್ತದೆ. ತೂಕ ಹಾಕಿದರೆ ಲೋಹದ ಪಾಲು ಏನೇನೂ ಅಲ್ಲ ಅನ್ನಿಸುತ್ತದೆ. ಆದರೆ ಇಂಥ ಲೋಹಗಳನ್ನು ಅಳೆಯುವುದೇ ನ್ಯಾನೋಗ್ರಾಂ ಲೆಕ್ಕದಲ್ಲಿ. ಆರ್ಸೆನಿಕ್‌ಗೆ ಯುರೋಪೂ ಭಾರತವೂ ಇಟ್ಟುಕೊಂಡಿರುವ ವಾರ್ಷಿಕ ಮಟ್ಟ ಒಂದೇ, ಘನ ಮೀಟರ್ ಗಾಳಿಗೆ 6 ನ್ಯಾನೋಗ್ರಾಂ.

ಗೂಡಿನ ಇಂಧನ ಬದಲಾದರೆ ಗಾಳಿ ಸುಧಾರಿಸುತ್ತದಾ?

ಖಂಡಿತ. ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಸೀಸೆಯ ಆಕಾರದ ಗೂಡುಗಳು ಕಲ್ಲಿದ್ದಲು ಸುಡುತ್ತಿದ್ದ ಕಾಲದಲ್ಲಿ ಊರಿಗೆ ಊರೇ ಕಪ್ಪು ಹೊಗೆಯಲ್ಲಿ ಮುಳುಗುತ್ತಿತ್ತು. 1956ರ ಶುದ್ಧ ಗಾಳಿ ಕಾಯ್ದೆ ಬಂದ ಮೇಲೆ ಅವು ಒಂದೊಂದಾಗಿ ಆರಿದವು, ಅನಿಲ ಮತ್ತು ವಿದ್ಯುತ್ತಿನ ಗೂಡುಗಳು ಬಂದವು.

ಮೋರ್ಬಿಯ ಕತೆ ಹತ್ತಿರದ್ದು. ಅಲ್ಲಿ ಬಹಳಷ್ಟು ಕಾರ್ಖಾನೆಗಳು ಕಲ್ಲಿದ್ದಲನ್ನು ಗ್ಯಾಸಿಫೈಯರ್‌ನಲ್ಲಿ ಅರೆಬರೆ ಸುಟ್ಟು, ಬಂದ ಅನಿಲವನ್ನು ಗೂಡಿಗೆ ಬಿಡುತ್ತಿದ್ದವು. ಅದರಿಂದ ಹೊಗೆ ಮಾತ್ರ ಅಲ್ಲ, ಡಾಂಬರಿನಂಥ ಕಸ, ಫಿನಾಲ್ ಬೆರೆತ ಕೊಳಕು ನೀರು ಕೂಡ ಬರುತ್ತಿತ್ತು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಗ್ಯಾಸಿಫೈಯರ್‌ಗಳನ್ನು ಮುಚ್ಚಲು ಆದೇಶಿಸಿತು. ಕಾರ್ಖಾನೆಗಳು ಕೊಳವೆ ಅನಿಲಕ್ಕೆ ತಿರುಗಿದವು. ಇದು ದೊಡ್ಡ ಹೆಜ್ಜೆ.

ಆದರೆ ಇಂಧನ ಬದಲಿಸಿದರೆ ಮಸಿ, ಗಂಧಕ, ಟಾರು ಹೋಗುತ್ತದೆ. ರಸ್ತೆಯ ಮಣ್ಣು ಹೋಗುವುದಿಲ್ಲ. ಅಂಗಳದ ಗುಡ್ಡೆ ಹೋಗುವುದಿಲ್ಲ. ಅನಿಲ ಬಂದ ಮೇಲೂ ಧೂಳು ಯಾಕೆ ಇದೆ ಅಂತ ಕೇಳುವವರಿಗೆ ಉತ್ತರ ಇಷ್ಟೇ.

ಇದರಿಂದ ಮೈಗೆ ಏನಾಗುತ್ತದೆ?

ಇಲ್ಲಿ ಎರಡು ಗುಂಪಿನ ಜನರನ್ನು ಬೇರೆ ಬೇರೆ ನೋಡಬೇಕು. ಕಾರ್ಖಾನೆಯ ಒಳಗೆ ದುಡಿಯುವವರು ಮತ್ತು ಹೊರಗೆ ಬದುಕುವವರು. ಇಬ್ಬರನ್ನೂ ಒಂದೇ ಮಾತಿನಲ್ಲಿ ಸೇರಿಸಿದರೆ ಇಬ್ಬರಿಗೂ ಅನ್ಯಾಯ.

ಒಳಗಿನವರಿಗೆ ದೊಡ್ಡ ಭಯ ಸಿಲಿಕಾ. ಸುಮಾರು 4 ಮೈಕ್ರಾನಿಗಿಂತ ಸಣ್ಣ ಸಿಲಿಕಾ ಕಣ ಶ್ವಾಸಕೋಶದ ಗಾಳಿಗೂಡುಗಳವರೆಗೆ ಹೋಗುತ್ತದೆ. ಅಲ್ಲಿ ಕಾವಲು ಕಾಯುವ ಜೀವಕೋಶ ಅದನ್ನು ನುಂಗುತ್ತದೆ. ಅರಗಿಸಲಾಗದೆ ತಾನೇ ಸಾಯುತ್ತದೆ. ಕಣ ಹೊರಗೆ ಬೀಳುತ್ತದೆ, ಇನ್ನೊಂದು ಜೀವಕೋಶ ನುಂಗುತ್ತದೆ. ಇದು ವರ್ಷಗಟ್ಟಲೆ ನಡೆಯುತ್ತದೆ. ಆ ಜಾಗದಲ್ಲೆಲ್ಲ ಗಾಯದ ಗಂಟುಗಳಾಗಿ ಶ್ವಾಸಕೋಶ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಗಡುಸಾದದ್ದು ಮತ್ತೆ ಮೆತ್ತಗಾಗುವುದಿಲ್ಲ, ವಾಸಿ ಮಾಡುವ ಔಷಧಿ ಇಲ್ಲ. ಹೆಚ್ಚಾಗಿ ಹತ್ತು ವರ್ಷ, ಅದಕ್ಕೂ ಜಾಸ್ತಿ ದುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಕೆಲಸ ಬಿಟ್ಟ ಮೇಲೂ ಬೆಳೆಯಬಹುದು. ಸಿಲಿಕಾ ಧೂಳು ಕುಡಿದವರಿಗೆ ಕ್ಷಯ ಬರುವ ಸಾಧ್ಯತೆಯೂ ಜಾಸ್ತಿ. ಬಹಳ ಸಲ ಸಿಲಿಕೋಸಿಸ್ಸನ್ನೇ ಟಿಬಿ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ಕೊಡುತ್ತಾರೆ. ಹಾಗಾಗಿ ವೈದ್ಯರ ಹತ್ತಿರ ಹೋದಾಗ "ನಾನು ಇಂಥ ವಿಭಾಗದಲ್ಲಿ ಇಷ್ಟು ವರ್ಷ ಧೂಳಿನಲ್ಲಿ ಕೆಲಸ ಮಾಡಿದ್ದೇನೆ" ಅನ್ನುವುದನ್ನು ಅವರು ಕೇಳದಿದ್ದರೂ ಹೇಳಿ. ದಯವಿಟ್ಟು ಹೇಳಿ. ಕೆಲಸದ ಜಾಗದ ಹರಳು ಸಿಲಿಕಾವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಕ್ಯಾನ್ಸರ್‌ಕಾರಕ ಎಂದು ಮೊದಲ ಗುಂಪಿಗೆ ಸೇರಿಸಿದೆ.

ಎಷ್ಟು ಸಿಲಿಕಾ ಸಾಕು? ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2016ರಲ್ಲಿ ಎಂಟು ಗಂಟೆಯ ಪಾಳಿಗೆ ಘನ ಮೀಟರಿಗೆ 50 ಮೈಕ್ರೋಗ್ರಾಂ ಮಿತಿ ಇಟ್ಟಿತು. ಒಂದು ಪಾಳಿಯಲ್ಲಿ ಮನುಷ್ಯ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಲೆಕ್ಕ ಹಾಕಿ, ಅರ್ಧ ಮಿಲಿಗ್ರಾಂ. ಸಕ್ಕರೆಯ ಒಂದು ಹರಳಿನ ತೂಕ. ದಿನಕ್ಕೆ ಅದಕ್ಕಿಂತ ಜಾಸ್ತಿ ಹೋಗಬಾರದು ಅಂತ ಮಿತಿ. ಕಣ್ಣಿಗೆ ಮಂಜಿನಂತೆ ಧೂಳು ಕಾಣುವ ಕೋಣೆ ಆ ಮಿತಿಯನ್ನು ಎಂದೋ ದಾಟಿರುತ್ತದೆ.

ಹೊರಗಿನವರ ವಿಷಯ ಬೇರೆ. ಅವರಿಗೆ ಸಿಲಿಕೋಸಿಸ್ ಬರುವುದು ಅಪರೂಪ. ಆದರೆ ಅವರು ದಿನದ 24 ಗಂಟೆಯೂ ಅದೇ ಗಾಳಿ ಕುಡಿಯುತ್ತಾರೆ. ಅವರಲ್ಲಿ ಎಳೆ ಮಕ್ಕಳು, ಬಸುರಿಯರು, ವಯಸ್ಸಾದವರು, ಆಸ್ತಮಾ ಇರುವವರು ಎಲ್ಲ ಇದ್ದಾರೆ. ಪಿಎಂ 10ರಲ್ಲಿನ ದೊಡ್ಡ ಕಣಗಳು ಮೂಗು, ಗಂಟಲು, ಶ್ವಾಸನಾಳ ಕೆರಳಿಸುತ್ತವೆ, ಕೆಮ್ಮು ಉಬ್ಬಸ ಎಬ್ಬಿಸುತ್ತವೆ. ಪಿಎಂ 2.5 ಇನ್ನೂ ಒಳಗಿಳಿದು ಹೃದಯ ಮತ್ತು ರಕ್ತನಾಳಗಳಿಗೂ ಪೆಟ್ಟು ಕೊಡುತ್ತದೆ. ಧೂಳು ಅಂದರೆ ಕೆಮ್ಮು ಅಂತಷ್ಟೇ ನೆನೆಯುತ್ತೇವೆ. ಆದರೆ ಸಣ್ಣ ಕಣಗಳಿಂದ ಆಗುವ ಸಾವುಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಪಾಲು ದೊಡ್ಡದು.

ಮಾಸ್ಕ್ ಹಾಕಿಕೊಂಡರೆ ಸಾಕಾ?

ಬಟ್ಟೆ, ಕರ್ಚೀಫು ಸಾಲದು. ಆಸ್ಪತ್ರೆಯ ತೆಳು ನೀಲಿ ಮಾಸ್ಕಿನ ಬದಿಯಿಂದ ಗಾಳಿ ನುಗ್ಗುತ್ತದೆ. ಎನ್95 ಅಥವಾ ಎಫ್‌ಎಫ್‌ಪಿ2 ಸರಿ, ಮುಖಕ್ಕೆ ಅಂಟಿ ಕೂತರೆ ಮಾತ್ರ. ಗಡ್ಡ ಇದ್ದರೆ ಅಂಟುವುದಿಲ್ಲ. ತುಂಬಾ ಧೂಳಿನ ವಿಭಾಗಕ್ಕೆ ಅದೂ ಕಡಿಮೆ, ಫಿಲ್ಟರ್ ಡಬ್ಬಿ ಇರುವ ರೆಸ್ಪಿರೇಟರ್ ಬೇಕಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಿಸಿ ಗೂಡಿನ ಪಕ್ಕ ಎಂಟು ಗಂಟೆ ಬಿಗಿ ಮಾಸ್ಕ್ ಹಾಕಿಕೊಂಡು ಉಸಿರಾಡುವುದು ಎಷ್ಟು ಕಷ್ಟ ಅಂತ ಹಾಕಿಕೊಂಡವರಿಗೇ ಗೊತ್ತು. ಮಾಸ್ಕ್ ಕೊನೆಯ ರಕ್ಷಣೆ. ಧೂಳು ಏಳದ ಹಾಗೆ ಮಾಡುವುದು, ಎದ್ದದ್ದನ್ನು ಅಲ್ಲೇ ಎಳೆದುಕೊಳ್ಳುವುದು ಮೊದಲು. ಮಾಸ್ಕ್ ಹಂಚಿ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಕೆಲಸದ ಬಟ್ಟೆಯಿಂದ ಮನೆಯವರಿಗೆ ತೊಂದರೆಯೇ?

ಹೌದು. ಗ್ಲೇಜ್ ವಿಭಾಗದವರಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು, ಅದರಲ್ಲಿ ಲೋಹಗಳಿರುತ್ತವೆ. ಬಟ್ಟೆಯನ್ನು ಬಾಗಿಲಲ್ಲಿ ಕೊಡವಬೇಡಿ. ನೇರ ನೀರಿಗೆ ಹಾಕಿ, ಬೇರೆಯಾಗಿ ಒಗೆಯಿರಿ. ಮಗುವನ್ನು ಎತ್ತಿಕೊಳ್ಳುವ ಮುಂಚೆ ಸ್ನಾನ. ಕಾರ್ಖಾನೆಯಲ್ಲೇ ಬಟ್ಟೆ ಬದಲಿಸುವ ಕೋಣೆ, ಸ್ನಾನದ ಮನೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದನ್ನು ಕೇಳಿ ಪಡೆಯಬೇಕಾದ ಸೌಲಭ್ಯ ಅಂತಲೇ ತಿಳಿಯಿರಿ. ಇನ್ನೊಂದು: ಕಾರ್ಖಾನೆಗಳಲ್ಲಿ ಪಾಳಿ ಮುಗಿದಾಗ ಕಂಪ್ರೆಸರ್ ಗಾಳಿಯಿಂದ ಬಟ್ಟೆಯ ಧೂಳು ಹಾರಿಸಿಕೊಳ್ಳುವ ಅಭ್ಯಾಸ ಇದೆ. ಅದನ್ನು ಇವತ್ತೇ ಬಿಡಿ. ನಿಮ್ಮ ಮುಖದ ಮುಂದೆಯೇ ಮೋಡ ಎಬ್ಬಿಸಿಕೊಂಡ ಹಾಗೆ ಅದು.

ಎಷ್ಟಿದ್ದರೆ ಜಾಸ್ತಿ ಅಂತ ಲೆಕ್ಕ?

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಎಲ್ಲ ಅಂಕಿಗಳೂ ಘನ ಮೀಟರ್ ಗಾಳಿಗೆ ಮೈಕ್ರೋಗ್ರಾಂನಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಸಲಹೆಯನ್ನು ಬಿಗಿ ಮಾಡಿತು. ಪಿಎಂ 2.5ಕ್ಕೆ ವರ್ಷದ ಸರಾಸರಿ 5, ಪಿಎಂ 10ಕ್ಕೆ 15. ಭಾರತದ 2009ರ ಮಾನದಂಡದಲ್ಲಿ ಇವೇ ಅಂಕಿಗಳು 40 ಮತ್ತು 60. ದಿನದ ಸರಾಸರಿಗೆ ಭಾರತದಲ್ಲಿ ಪಿಎಂ 2.5 60 ದಾಟಬಾರದು, ಪಿಎಂ 10 100 ದಾಟಬಾರದು. ಯುರೋಪಿನಲ್ಲಿ ಪಿಎಂ 10ರ ವಾರ್ಷಿಕ ಮಿತಿ 40, ಮತ್ತು ದಿನದ ಸರಾಸರಿ 50ನ್ನು ವರ್ಷದಲ್ಲಿ 35 ದಿನಕ್ಕಿಂತ ಜಾಸ್ತಿ ದಾಟುವಂತಿಲ್ಲ. 2024ರಲ್ಲಿ ಬಂದ ಹೊಸ ನಿಯಮದ ಪ್ರಕಾರ 2030ರ ಹೊತ್ತಿಗೆ ಅವರು ಪಿಎಂ 10ನ್ನು 20ಕ್ಕೆ, ಪಿಎಂ 2.5ನ್ನು 10ಕ್ಕೆ ಇಳಿಸಬೇಕು.

ಕಾನೂನಿನ ಮಿತಿ ಒಳಗಿದೆ ಅಂದರೆ ಮೈಗೆ ಏನೂ ಆಗುವುದಿಲ್ಲ ಅಂತಲ್ಲ. ಕಾನೂನು ಸಾಧ್ಯವಾದದ್ದನ್ನೂ ನೋಡಿ ಬರೆದ ಗೆರೆ. ಶ್ವಾಸಕೋಶಕ್ಕೆ ದೇಶದ ಗಡಿ ಗೊತ್ತಿಲ್ಲ.

ಮನೆಯಲ್ಲಿ ಸಣ್ಣ ಧೂಳು ಮೀಟರ್ ಇಟ್ಟಿದ್ದೇನೆ. ಅದನ್ನು ನಂಬಬಹುದಾ?

ಪಿಎಂ 2.5ಕ್ಕೆ ಒಂದು ಮಟ್ಟಿಗೆ ನಂಬಬಹುದು. ಪಿಎಂ 10ಕ್ಕೆ ಬೇಡ. ಸೆರಾಮಿಕ್ ಸೀಮೆಯಲ್ಲಿ ಇದು ಬಹಳ ಮುಖ್ಯ, ಆದರೂ ಇದನ್ನು ಹೇಳುವವರು ಕಡಿಮೆ.

ಅಗ್ಗದ ಮೀಟರುಗಳು ಸಣ್ಣ ಫ್ಯಾನಿನಿಂದ ಗಾಳಿ ಎಳೆದು, ಲೇಸರ್ ಬೆಳಕು ಬಿಟ್ಟು, ಕಣಗಳಿಂದ ಚದುರಿದ ಬೆಳಕನ್ನು ಎಣಿಸುತ್ತವೆ. ದಪ್ಪ ಮಣ್ಣಿನ ಕಣಗಳು ಆ ಫ್ಯಾನಿನ ಎಳೆತಕ್ಕೆ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಹೆಚ್ಚಿನ ಮೀಟರುಗಳು ಸಣ್ಣ ಕಣಗಳನ್ನು ನೋಡಿ ಪಿಎಂ 10 ಇಷ್ಟಿರಬಹುದು ಅಂತ ಊಹಿಸುತ್ತವೆ. ಹೊಗೆ ಜಾಸ್ತಿ ಇರುವ ಊರಿನಲ್ಲಿ ಆ ಊಹೆ ನಡೆಯುತ್ತದೆ. ಜೇಡಿಮಣ್ಣಿನ ಧೂಳೇ ಜಾಸ್ತಿ ಇರುವ ಕಡೆ ಮೀಟರ್ ತೋರಿಸುವುದು ನಿಜಕ್ಕಿಂತ ತುಂಬಾ ಕಡಿಮೆ ಇರಬಹುದು. ಟಿಪ್ಪರ್ ಹೋದಾಗ ಕಣ್ಣಲ್ಲಿ ಧೂಳು ತುಂಬಿದೆ, ಮೀಟರ್ ಮಾತ್ರ ಹಸಿರು ತೋರಿಸುತ್ತಿದೆ ಅಂದರೆ ಕಣ್ಣನ್ನು ನಂಬಿ. ಇನ್ನು ಮಂಜು, ತೇವ ಇರುವ ಬೆಳಗ್ಗೆ ಮೀಟರ್ ಉಲ್ಟಾ ಹೊಡೆದು ಜಾಸ್ತಿ ತೋರಿಸುತ್ತದೆ. ಕಣಗಳು ನೀರು ಹೀರಿ ಊದಿಕೊಂಡಿರುತ್ತವೆ.

ಸರಿಯಾದ ಅಳತೆ ಅಂದರೆ ಗೊತ್ತಾದ ಪ್ರಮಾಣದ ಗಾಳಿಯನ್ನು ಫಿಲ್ಟರ್ ಕಾಗದದ ಮೂಲಕ ಎಳೆದು, ಮೊದಲು ಮತ್ತು ನಂತರದ ತೂಕ ನೋಡುವುದು. ಅದೇ ಕಾಗದವನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಲೋಹಗಳೂ ಗೊತ್ತಾಗುತ್ತವೆ. ಮನೆಯ ಮೀಟರಿನ ನಿಜವಾದ ಉಪಯೋಗ ಬೇರೆ. ಯಾವ ಹೊತ್ತಿಗೆ ಏರುತ್ತದೆ, ಯಾವ ದಿಕ್ಕಿನ ಗಾಳಿಗೆ ಏರುತ್ತದೆ ಅಂತ ಅದು ಚೆನ್ನಾಗಿ ತೋರಿಸುತ್ತದೆ.

ಬೆಳಗ್ಗೆ ಮತ್ತು ಚಳಿಗಾಲದಲ್ಲಿ ಯಾಕೆ ಜಾಸ್ತಿ?

ರಾತ್ರಿ ನೆಲ ತಣ್ಣಗಾದಾಗ ಅದರ ಮೇಲಿನ ಗಾಳಿಯೂ ತಣ್ಣಗಾಗಿ ಭಾರವಾಗಿ ಕೂರುತ್ತದೆ. ಮೇಲೆ ಬೆಚ್ಚಗಿನ ಪದರ ಮುಚ್ಚಳದ ಹಾಗೆ ಮುಚ್ಚಿಕೊಳ್ಳುತ್ತದೆ. ಗೂಡುಗಳು ಹಗಲು ರಾತ್ರಿ ಉರಿಯುತ್ತಲೇ ಇರುತ್ತವೆ, ಆರಿಸುವಂತಿಲ್ಲ. ಎಲ್ಲ ಅದೇ ಮುಚ್ಚಳದ ಕೆಳಗೆ ಸೇರುತ್ತದೆ. ಬಿಸಿಲೇರಿದ ಮೇಲೆ ಮುಚ್ಚಳ ಒಡೆಯುತ್ತದೆ. ಬೇಸಿಗೆಯ ಒಣಗಾಳಿಯಲ್ಲಿ ತೊಂದರೆ ಬೇರೆ ಥರ, ಆಗ ರಸ್ತೆ ಮತ್ತು ಗುಡ್ಡೆಗಳ ಮಣ್ಣು ಏಳುತ್ತದೆ.

"ಇದು ಮರುಭೂಮಿಯ ಧೂಳು, ನಮ್ಮದಲ್ಲ" ಅನ್ನುತ್ತಾರೆ. ನಿಜವಾ?

ಕೆಲವು ದಿನ ನಿಜ. ಕಾಸ್ತೆಯೋನ್‌ಗೆ ಸಹಾರಾದ ಧೂಳು ಬರುತ್ತದೆ. ಯುರೋಪಿನ ನಿಯಮ ಅಂಥ ದಿನಗಳ ಸಹಜ ಪಾಲನ್ನು ಲೆಕ್ಕದಿಂದ ಕಳೆಯಲು ಬಿಡುತ್ತದೆ, ಆದರೆ ಪುರಾವೆ ಕೊಟ್ಟು. ಹತ್ತಿರದ, ಕಾರ್ಖಾನೆಗಳಿಲ್ಲದ ಹಳ್ಳಿಯ ಅಳತೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಮರುಭೂಮಿ ಧೂಳು ಬಂದರೆ ಎರಡೂ ಕಡೆ ಏರುತ್ತದೆ. ಒಂದೇ ಕಡೆ ಏರಿದರೆ ಅದು ಸ್ಥಳೀಯ. ಜಿರ್ಕೋನಿಯಂ ಮಟ್ಟ ಊರಿನಲ್ಲಿ ಮಾತ್ರ ಏರಿದ್ದರೆ ಅದಕ್ಕೆ ಮರುಭೂಮಿಯನ್ನು ದೂರಲಾಗದು.

ಕಾರ್ಖಾನೆಗಳು ಏನು ಮಾಡಬಹುದು?

ಬಹಳಷ್ಟು. ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಮೂರು ಶತಮಾನ ಹಳೆಯದು. ಸ್ಟೋಕ್ ಸೀಮೆಯ ಕುಂಬಾರಿಕೆಯಲ್ಲಿ ಬಿಳುಪು ಬರಲಿ ಅಂತ ಚಕಮಕಿ ಕಲ್ಲನ್ನು ಸುಟ್ಟು ಒಣದಾಗಿ ಕುಟ್ಟಿ ಪುಡಿ ಮಾಡುತ್ತಿದ್ದರು. ಕುಟ್ಟುವವರು ಬೇಗ ಸಾಯುತ್ತಿದ್ದರು. ಥಾಮಸ್ ಬೆನ್ಸನ್ ಎಂಬಾತ 1726ರಲ್ಲಿ ಕಲ್ಲನ್ನು ನೀರಿನೊಳಗೇ ಅರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಕಬ್ಬಿಣ ಬಳಸಿದ್ದರಿಂದ ಪುಡಿಗೆ ಕಲೆ ಬರುತ್ತಿತ್ತು. 1732ರಲ್ಲಿ ಕಬ್ಬಿಣದ ಬದಲು ಕಲ್ಲು ಬಳಸಿ ಇನ್ನೊಂದು ಪೇಟೆಂಟ್ ಪಡೆದ. ಒಳಗಿನ ತತ್ವ ಇವತ್ತಿಗೂ ಅದೇ: ಒದ್ದೆ ಇದ್ದರೆ ಏಳುವುದಿಲ್ಲ.

ಈಗ ಮಾಡಬೇಕಾದವು ಇವು. ಮಣ್ಣಿನ ಗುಡ್ಡೆಗಳನ್ನು ಶೆಡ್ಡಿನ ಒಳಗೆ ಇಡುವುದು, ಅದಾಗದಿದ್ದರೆ ಮೂರು ಕಡೆ ಗೋಡೆ, ಮೇಲೆ ಹೊದಿಕೆ, ನೀರಿನ ಸಿಂಪಡಣೆ. ಕನ್ವೇಯರ್ ಪಟ್ಟಿಗಳಿಗೆ ಮುಚ್ಚಳ. ಲಾರಿಗಳಿಗೆ ಟಾರ್ಪಾಲ್, ಅದೂ ಅರ್ಧ ಎಳೆದದ್ದಲ್ಲ, ಪೂರ್ತಿ ಕಟ್ಟಿದ್ದು. ಗೇಟಿನಲ್ಲಿ ಚಕ್ರ ತೊಳೆಯುವ ವ್ಯವಸ್ಥೆ. ಅಂಗಳಕ್ಕೆ ಕಾಂಕ್ರೀಟು. ಗುಡಿಸುವುದು ಪೊರಕೆಯಿಂದ ಅಲ್ಲ, ಎಳೆದುಕೊಳ್ಳುವ ಯಂತ್ರದಿಂದ ಅಥವಾ ನೀರು ಹಾಕಿ. ಒಣ ಪೊರಕೆ ಕೂತ ಧೂಳನ್ನು ಮತ್ತೆ ಎಬ್ಬಿಸುವ ಉಪಕರಣ ಅಷ್ಟೆ. ಪ್ರೆಸ್, ಹಾಪರ್, ಗ್ಲೇಜ್ ಸಾಲಿನ ಮೇಲೆ ಧೂಳೆಳೆಯುವ ಹುಡ್‌ಗಳು.

ಸ್ಪ್ರೇ ಡ್ರೈಯರ್‌ಗೆ ಬ್ಯಾಗ್ ಫಿಲ್ಟರ್. ಉದ್ದುದ್ದ ಬಟ್ಟೆ ಚೀಲಗಳ ಸಾಲು ಅದು. ಗಾಳಿ ಬಟ್ಟೆಯನ್ನು ದಾಟುತ್ತದೆ, ಧೂಳು ಉಳಿಯುತ್ತದೆ, ಆಗಾಗ ಗಾಳಿಯ ಏಟು ಕೊಟ್ಟು ಚೀಲ ಕೊಡವುತ್ತಾರೆ. ಚೆನ್ನಾಗಿ ನೋಡಿಕೊಂಡರೆ ಶೇಕಡಾ 99ಕ್ಕಿಂತ ಜಾಸ್ತಿ ಧೂಳು ಸಿಗುತ್ತದೆ. ಯುರೋಪ್ 2007ರಲ್ಲಿ ಸೆರಾಮಿಕ್ ಉದ್ಯಮಕ್ಕೆ ಮಾಡಿದ ಉತ್ತಮ ತಂತ್ರಗಳ ಕೈಪಿಡಿಯಲ್ಲಿ ಸ್ಪ್ರೇ ಡ್ರೈಯರ್‌ಗೆ ಘನ ಮೀಟರಿಗೆ 1ರಿಂದ 30 ಮಿಲಿಗ್ರಾಂ ಸಾಧ್ಯ ಅಂತ ಬರೆದಿದ್ದಾರೆ. ಒಂದು ಚೀಲ ಹರಿದರೂ ಸಾಕು, ಆ ತೂತಿನಿಂದ ಧೂಳು ನೇರ ಹೊರಗೆ. ಫಿಲ್ಟರ್ ಇದೆಯೇ ಅಂತ ಕೇಳುವುದಕ್ಕಿಂತ ಚೀಲ ಕೊನೆಯ ಸಲ ಯಾವಾಗ ಬದಲಿಸಿದಿರಿ ಅಂತ ಕೇಳುವುದು ಒಳ್ಳೆಯ ಪ್ರಶ್ನೆ.

ಇದೆಲ್ಲ ಮಾಡಿ ಎಲ್ಲಾದರೂ ಗಾಳಿ ಸುಧಾರಿಸಿದೆಯಾ?

ಸುಧಾರಿಸಿದೆ. ಸಾಸುವೊಲೊದಲ್ಲಿ 1970ರ ದಶಕದಲ್ಲಿ ಸೀಸ ಮತ್ತು ಫ್ಲೋರಿನ್ ದೊಡ್ಡ ತಲೆನೋವಾಗಿತ್ತು. ಫಿಲ್ಟರ್ ಬಂದವು, ಗ್ಲೇಜಿನಲ್ಲಿ ಸೀಸ ಕಡಿಮೆಯಾಯಿತು, ಮಟ್ಟಗಳು ಇಳಿದವು. ಕಾಸ್ತೆಯೋನ್‌ನಲ್ಲಿ ಫ್ರಿಟ್ ಕುಲುಮೆಗಳಿಗೆ, ಸ್ಪ್ರೇ ಡ್ರೈಯರ್‌ಗಳಿಗೆ ಫಿಲ್ಟರ್ ಹಾಕಿದ ಮೇಲೆ ಗಾಳಿಯ ಲೋಹಗಳು ಇಳಿದದ್ದನ್ನು ಅಳೆದು ತೋರಿಸಿದ್ದಾರೆ. 2008ರ ಆರ್ಥಿಕ ಕುಸಿತದಲ್ಲಿ ಸ್ಪೇನಿನ ಟೈಲ್ಸ್ ಉತ್ಪಾದನೆ ಸುಮಾರು ಅರ್ಧಕ್ಕೆ ಬಿತ್ತು, ಅದೂ ಗಾಳಿಯಲ್ಲಿ ಕಂಡಿತು. ಆದರೆ ಕೆಲಸ ಕಳೆದುಕೊಂಡು ಸಿಗುವ ಶುದ್ಧ ಗಾಳಿ ಯಾರಿಗೂ ಬೇಡ. ಫಿಲ್ಟರಿನಿಂದ ಬಂದ ಇಳಿಕೆಯೇ ನಮಗೆ ಪಾಠ.

ಬೆಳೆ, ದನಕರುಗಳ ಮೇಲೆ?

ಎಲೆಯ ಮೇಲೆ ಕೂತ ಧೂಳು ಬೆಳಕು ತಡೆಯುತ್ತದೆ. ಅದಕ್ಕಿಂತ ತೀವ್ರವಾದದ್ದು ಫ್ಲೋರಿನ್. ಜೇಡಿಮಣ್ಣಿನಲ್ಲೇ ಇರುವ ಫ್ಲೋರಿನ್ ಗೂಡಿನ ಕಾವಿಗೆ ಅನಿಲವಾಗಿ ಹೊರಬರುತ್ತದೆ. ಗ್ಲಾಡಿಯೋಲಸ್ ಹೂವಿನ ಗಿಡ ಇದನ್ನು ಎಲ್ಲಕ್ಕಿಂತ ಮೊದಲು ತೋರಿಸುತ್ತದೆ, ಎಲೆಯ ತುದಿ ಸುಟ್ಟಂತೆ ಒಣಗುತ್ತದೆ. ಫ್ಲೋರಿನ್ ಸೇರಿದ ಹುಲ್ಲನ್ನು ವರ್ಷಗಟ್ಟಲೆ ಮೇಯ್ದ ದನಗಳ ಹಲ್ಲು, ಮೂಳೆ ಹಾಳಾಗುತ್ತವೆ. ಗೂಡಿನ ಹೊಗೆಯನ್ನು ಸುಣ್ಣದ ಪುಡಿಯ ಮೂಲಕ ಹಾಯಿಸಿದರೆ ಫ್ಲೋರಿನ್ ಹಿಡಿದುಕೊಳ್ಳುತ್ತದೆ. ಸೊಪ್ಪು ತರಕಾರಿಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಗೆಡ್ಡೆಗಳ ಸಿಪ್ಪೆ ತೆಗೆಯಿರಿ.

ಮನೆಯೊಳಗೆ ನಾವೇನು ಮಾಡಬಹುದು?

ಒಣ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಚಪ್ಪಲಿ ಹೊರಗೆ. ರಸ್ತೆಯ ಕಡೆಯ ಕಿಟಕಿಯನ್ನು ಲಾರಿ ಓಡಾಟ ಜಾಸ್ತಿ ಇರುವ ಹೊತ್ತಿನಲ್ಲಿ ಮುಚ್ಚಿ, ಹಿಂದಿನ ಕಿಟಕಿಯನ್ನು ಮಧ್ಯಾಹ್ನ ತೆರೆಯಿರಿ. ಹೆಪಾ ಫಿಲ್ಟರ್ ಇರುವ ಗಾಳಿ ಶುದ್ಧಿ ಯಂತ್ರ ಒಂದೇ ಇದ್ದರೆ ಮಗು ಅಥವಾ ಉಬ್ಬಸ ಇರುವವರು ಮಲಗುವ ಕೋಣೆಯಲ್ಲಿಡಿ. ಇದೆಲ್ಲ ಮಾಡಿ, ಆದರೆ ಸುಮ್ನೆ ನಮ್ಮ ಮೇಲೆ ನಾವೇ ಹೊರೆ ಹೊತ್ತುಕೊಳ್ಳುವುದು ಬೇಡ. ಧೂಳು ಎಬ್ಬಿಸಿದವರ ಜವಾಬ್ದಾರಿ ಮನೆ ಒರೆಸುವವರ ಮೇಲೆ ಬೀಳಬಾರದು.

ಮನೆಗೆ ಹಾಕಿದ ಟೈಲ್ಸಿನಿಂದ ಧೂಳು ಬರುತ್ತದಾ?

ಇಲ್ಲ, ಸುಟ್ಟ ಟೈಲ್ಸ್ ಸುಮ್ಮನೆ ಇರುತ್ತದೆ. ಕತ್ತರಿಸುವಾಗ ಮಾತ್ರ ಸಿಲಿಕಾ ಏಳುತ್ತದೆ. ನೀರು ಬಿಟ್ಟು ಕತ್ತರಿಸಿ ಅಂತ ಕೆಲಸದವರಿಗೆ ಹೇಳಿ, ನೀರನ್ನು ನೀವೇ ಕೊಡಿ.

ದೂರು ಕೊಟ್ಟರೆ ಯಾರೂ ಕೇಳುವುದಿಲ್ಲ. ಹೇಗೆ ಬರೆಯಬೇಕು?

"ತುಂಬಾ ಧೂಳು ಬರುತ್ತಿದೆ" ಅಂತ ಬರೆದರೆ ಅದನ್ನು ಪಕ್ಕಕ್ಕಿಡುವುದು ಸುಲಭ. ತಾರೀಖು, ಗಂಟೆ, ಗಾಳಿಯ ದಿಕ್ಕು, ಜಾಗ ಬರೆಯಿರಿ. ಮೂಲ ಯಾವುದು ಅಂತ ಗುರುತಿಸಿ: ಮುಚ್ಚದ ಗುಡ್ಡೆಯೇ, ಟಾರ್ಪಾಲ್ ಇಲ್ಲದ ಲಾರಿಯೇ, ಕೊಳವೆಯೇ, ರಸ್ತೆಯೇ. ಒಂದೇ ಜಾಗದಿಂದ, ಒಂದೇ ಕೋನದಲ್ಲಿ, ಕೆಲವು ವಾರ ಫೋಟೋ ತೆಗೆಯಿರಿ. ಒಬ್ಬರ ಬದಲು ಒಂದು ಬೀದಿಯವರು ಸೇರಿ ಇಟ್ಟ ದಿನಚರಿಗೆ ತೂಕ ಜಾಸ್ತಿ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು, ಸ್ವೀಕೃತಿ ಸಂಖ್ಯೆ ಪಡೆದುಕೊಳ್ಳಿ. ಏನು ಮಾಡಬೇಕು ಅಂತಲೂ ಬರೆಯಿರಿ, ಉದಾಹರಣೆಗೆ "ಈ ಗೇಟಿನಲ್ಲಿ ಚಕ್ರ ತೊಳೆಯುವ ವ್ಯವಸ್ಥೆ ಬೇಕು", "ಈ ರಸ್ತೆಗೆ ದಿನಕ್ಕೆ ಎರಡು ಸಲ ಎಳೆಯುವ ಯಂತ್ರ ಓಡಬೇಕು". ಕಾರ್ಖಾನೆಯಲ್ಲಿ ದುಡಿಯುವವರನ್ನೂ ಜತೆಗೆ ಕೂರಿಸಿಕೊಂಡು ಬರೆಯಿರಿ. ಧೂಳು ಎಲ್ಲಿಂದ ಏಳುತ್ತಿದೆ, ಯಾವ ಪಾಳಿಯಲ್ಲಿ ಫಿಲ್ಟರ್ ನಿಲ್ಲಿಸುತ್ತಾರೆ ಅನ್ನುವುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೆ.